ಮೂವತ್ತೊಂದನೇ ಪುಟದ ಆಯುಷ್ಯ

ಧಾರವಾಡದ ಹೊರವಲಯದಲ್ಲಿದ್ದ ಕಡತಾಯುಷ್ಯ ಪ್ರಾಧಿಕಾರದ ಕಟ್ಟಡಕ್ಕೆ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುತ್ತಿದ್ದುದು ಅಣಬೆಯ ವಾಸನೆ. ವಿಶಾಲಾಕ್ಷಿ ಮುಳಗುಂದಳಿಗೆ ಅದು ಗೊತ್ತಾಗುವುದು ನಿಂತು ಎಷ್ಟೋ ವರ್ಷಗಳಾಗಿದ್ದವು. ಸಂಜೆ ಮನೆಗೆ ಹೋದಾಗ ಮಗಳು ಸಂಯುಕ್ತಾ, "ಅಮ್ಮ, ಸೀರಿ ಬದಲಿಸಿ ಅಡಿಗಿಮನಿಗೆ ಬಾ" ಎಂದಾಗಷ್ಟೇ ನೆನಪಾಗುತ್ತಿತ್ತು.

ಅದು ಮಾಗಿದ ಕಾಗದದ ವಾಸನೆ.

ಎರಡು ಸಾವಿರದ ನಲವತ್ತರ ಸುಮಾರಿಗೆ ಗಣಕಯಂತ್ರದ ದಾಖಲೆಗಳ ಮೇಲಿನ ನಂಬಿಕೆ ಹೊರಟುಹೋಗಿತ್ತು. ಅಸಲು ಯಾವುದು, ತಿದ್ದಿದ್ದು ಯಾವುದು ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಒಬ್ಬನ ಹೊಲ ಬೆಳಗಾಗುವುದರೊಳಗೆ ಇನ್ನೊಬ್ಬನ ಹೆಸರಿನಲ್ಲಿರುತ್ತಿತ್ತು. ಬದುಕಿದ್ದವರು ಸತ್ತವರ ಪಟ್ಟಿಯಲ್ಲಿರುತ್ತಿದ್ದರು. ಕೊನೆಗೆ ಸರ್ಕಾರ ಮತ್ತೆ ಕಾಗದ ಮತ್ತು ಪೆನ್ನಿಗೆ ಮರಳಿತು. ಐದಾರು ವರ್ಷಗಳಲ್ಲಿ ಕಚೇರಿಗಳ ಮೆಟ್ಟಿಲುಗಳ ಮೇಲೂ ಕಡತಗಳು ಬಂದು ಕೂತವು. ಯಾವುದನ್ನು ಇಡಬೇಕು, ಯಾವುದನ್ನು ಬಿಸಾಡಬೇಕು ಎಂದು ನಿರ್ಧರಿಸಲು ಯಾರೂ ಮುಂದೆ ಬರುತ್ತಿರಲಿಲ್ಲ. ಬಿಸಾಡಿದ ಮೇಲೆ ಬೇಕಾದರೆ ಯಾರ ತಲೆಗೆ ಬರುತ್ತದೆ?

ಆಗ ಡಾಕ್ಟರ್ ಇನಾಯತ್ ಮಕಾನದಾರ ಎಂಬ ತರುಣ ವಿಜ್ಞಾನಿ ಆಯುಷ್ಯವಿರುವ ಕಾಗದ ಮಾಡಿದರು. ಕಾಗದದ ತಿರುಳಿನಲ್ಲೇ ಒಂದು ಬಗೆಯ ಬೂಷ್ಟಿನ ಬೀಜಕಣಗಳನ್ನು ಬೆರೆಸಿಡುವುದು. ಪ್ರತಿ ಕಣದ ಸುತ್ತ ಈರುಳ್ಳಿಯ ಪದರದ ಹಾಗೆ ತೆಳುವಾದ ಕವಚಗಳು. ಗಾಳಿಯ ತೇವಕ್ಕೆ ಒಂದು ವರ್ಷಕ್ಕೆ ಒಂದು ಕವಚ ಕರಗುತ್ತದೆ. ಐದು ಕವಚವಿದ್ದರೆ ಐದು ವರ್ಷ, ಇಪ್ಪತ್ತಿದ್ದರೆ ಇಪ್ಪತ್ತು ವರ್ಷ. ಕೊನೆಯದು ಕರಗಿದಾಗ ಬೂಷ್ಟು ಎಚ್ಚರಾಗಿ ಕಾಗದವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಒಂಬತ್ತು ದಿನಗಳಲ್ಲಿ ಇಡೀ ಕಟ್ಟು ಕಂದುಬಣ್ಣದ ಮೆತ್ತನೆಯ ಪುಡಿ. ಬೆಂಕಿ ಬೇಡ, ಕತ್ತರಿಸುವ ಯಂತ್ರ ಬೇಡ, ಯಾರ ಸಹಿಯೂ ಬೇಡ. ಪುಡಿ ಶಾಲೆಗಳ ಕೈತೋಟಕ್ಕೆ ಹೋಗುತ್ತಿತ್ತು. ಜನರೂ ಒಗ್ಗಿಕೊಂಡರು. ಮದುವೆಯ ದಾಖಲೆ, ಜಾತಿ ಪತ್ರಗಳ ಮಾಗುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಟ್ಟುಕೊಂಡು, ಅದಕ್ಕೂ ಮೊದಲು ಹೋಗಿ ಹೊಸದು ಬರೆಸಿಕೊಂಡು ಬರುತ್ತಿದ್ದರು. ಗೊತ್ತಿಲ್ಲದವರು ಕಳೆದುಕೊಳ್ಳುತ್ತಿದ್ದರು.

ಯಾವ ಕಾಗದಕ್ಕೆ ಎಷ್ಟು ಆಯುಷ್ಯ ಎಂದು ಬರೆದ ಮೂವರ ಸಮಿತಿಯಲ್ಲಿ ವಿಶಾಲಾಕ್ಷಿ ಎಲ್ಲರಿಗಿಂತ ಕಿರಿಯಳು. ಆಗ ಅವಳಿಗೆ ಇಪ್ಪತ್ತೆಂಟು. ಸಂಯುಕ್ತಾ ಹೊಟ್ಟೆಯಲ್ಲಿದ್ದಳು. ನಾಲ್ಕುನೂರು ಸಾಲುಗಳ ಆ ಪಟ್ಟಿಯಲ್ಲಿ ಇನ್ನೂರ ಹದಿನೇಳನೆಯ ಸಾಲು ಅವಳ ಕೈಬರಹದಲ್ಲೇ ಇತ್ತು: "ತಾತ್ಕಾಲಿಕ ಪರಿಹಾರ ಶಿಬಿರಗಳ ಎಲ್ಲ ದಾಖಲೆಗಳು: ಬಿ ವರ್ಗ, ಇಪ್ಪತ್ತು ವರ್ಷ." ಶಿಬಿರ ಅಂದರೆ ತಾತ್ಕಾಲಿಕ. ತಾತ್ಕಾಲಿಕಕ್ಕೆ ಇಪ್ಪತ್ತು ವರ್ಷ ಧಾರಾಳವಾಯಿತು ಎಂದೇ ಆ ದಿನ ಮೂವರಿಗೂ ಅನ್ನಿಸಿತ್ತು.

*

ಫಕೀರವ್ವ ತಳವಾರ ಅರ್ಜಿ ಹಿಡಿದು ಬಂದದ್ದು ೨೦೬೯ರ ಆಗಸ್ಟ್ ಕೊನೆಯಲ್ಲಿ, ಒಂದು ಗುರುವಾರ ಮಧ್ಯಾಹ್ನ. ವಯಸ್ಸು ನಲವತ್ತಾರು ಎಂದು ಅರ್ಜಿಯಲ್ಲಿತ್ತು. ನೋಡಿದರೆ ಇನ್ನೂ ಹತ್ತು ಹೆಚ್ಚು ಅನ್ನಿಸುತ್ತಿತ್ತು. ಟೋಲ್ ನಾಕಾದ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಕುರ್ಚಿಯ ತುದಿಯಲ್ಲಿ ಕೂತು ಅವಳು ಒಂದೇ ಉಸಿರಿಗೆ ಹೇಳಿದಳು.

"ಬಾಯಾರ, ನಾವು ಹೊಳೆಕೆರೂಡಿ ಊರಿನ ಮಂದಿ ಅದೀವ್ರಿ. ನಲವತ್ತೊಂಬತ್ತರ ಮಳಿಗಾಲದಾಗ ಮಲಪ್ರಭಾ ಬಂದು ಊರು ಹೋತಲ್ರಿ, ಅವಾಗ ನಮ್ಮನಿಯವರೂ ಹ್ವಾದ್ರು. ನಾನು ಮಗೂನ ಕಟ್ಟಿಗೊಂಡು ಸಾಲಿ ಮಾಳಿಗಿ ಮ್ಯಾಲ ಎರಡು ದಿನ ಕುಂತಿದ್ದೆ. ಶಿಬಿರಕ್ಕ ಬಂದ ಮ್ಯಾಲ ನನಗ ಜ್ವರ ನೆತ್ತಿಗೇರ್ತು. ದವಾಖಾನಿಗೆ ಒಯ್ದ್ರಂತ. ಒಂದೂವರಿ ತಿಂಗಳ ಮ್ಯಾಲ ಕಣ್ಣು ಬಿಟ್ಟು ಬಂದ್ರ ಶಿಬಿರ ಇಲ್ಲ. ಮಗು ಇಲ್ಲ. ಯಾರನ್ನ ಕೇಳಿದ್ರೂ ಪುಸ್ತಕ ನಮ್ಮ ಕಡೆ ಇಲ್ಲ ಅಂತಾರ. ಇಪ್ಪತ್ತು ವರ್ಷ ಕೇಳೀನ್ರಿ. ಈಗ ನಿಮ್ಮ ನೋಟಿಸಿನಾಗ ಪುಸ್ತಕದ ಹೆಸರು ಬಂದೈತಿ ಅಂತ ಖಾನಾವಳಿಗೆ ಉಣ್ಣಾಕ ಬರೋ ಮಾಸ್ತರ ಒಬ್ಬರು ಓದಿ ಹೇಳಿದ್ರು."

"ಮಗೂನ ಹೆಸರು?"

"ರೇಣವ್ವ. ರೇಣಿ ಅಂತಿದ್ವಿ. ಎರಡು ವರ್ಷ ತುಂಬಾಕ ಒಂದು ತಿಂಗಳು ಕಮ್ಮಿ ಇತ್ತು."

ಅವಳು ಹೇಳಿದ್ದು ನಿಜವಾಗಿತ್ತು. ಕಟ್ಟುಗಳು ಮಾಗುವ ತೊಂಬತ್ತು ದಿನ ಮೊದಲು ಅವುಗಳ ಹೆಸರನ್ನು ಪ್ರಕಟಿಸಬೇಕು ಎಂಬ ನಿಯಮವಿತ್ತು. ಹಾಗೆ ಪಟ್ಟಿ ಮಾಡುವಾಗ, ದನಕರುಗಳ ಪರಿಹಾರದ ಕಟ್ಟಿನೊಳಗೆ ಹೊಳೆಕೆರೂಡಿ ಶಿಬಿರದ ಮಕ್ಕಳ ರಿಜಿಸ್ಟರು ಸಿಕ್ಕಿತ್ತು. ಇಪ್ಪತ್ತು ವರ್ಷ ಅದು ಅಲ್ಲಿಯೇ, ಯಾರೂ ಹುಡುಕದ ಜಾಗದಲ್ಲಿ ಕೂತಿತ್ತು. ಮಾಗುವ ದಿನ ನವೆಂಬರ್ ಇಪ್ಪತ್ತು.

ಫಕೀರವ್ವ ಹೋದ ಮೇಲೆ ವಿಶಾಲಾಕ್ಷಿ ರಿಜಿಸ್ಟರನ್ನು ತರಿಸಿದಳು. ಬಟ್ಟೆಯ ಹೊದಿಕೆ, ಮೇಲೆ ಅರಗಿನ ಮುದ್ರೆ. ದತ್ತು ಹೋದ ಮಕ್ಕಳ ವಿವರವಿದ್ದದ್ದರಿಂದ ಮುದ್ರೆ ಒಡೆಯಲು ಕಾನೂನು ವಿಭಾಗದ ಒಪ್ಪಿಗೆ ಬೇಕು. ಹೊರಗೆ ಅಂಟಿಸಿದ ಅಕಾರಾದಿ ಚೀಟಿಯಲ್ಲಿ ಮಾತ್ರ ಒಂದು ಸಾಲು ಕಂಡಿತು: ರೇಣವ್ವ, ಹೆಣ್ಣು, ಪುಟ ಮೂವತ್ತೊಂದು.

ಆ ಮಗು ಆ ಪುಸ್ತಕದಲ್ಲಿತ್ತು. ಬೆರಳಿನಗಲ ಕೆಳಗೆ.

ಅವಳು ಅರ್ಜಿಯ ಮೇಲೆ "ಕಾನೂನು ಅಭಿಪ್ರಾಯಕ್ಕೆ" ಎಂದು ಬರೆದು ಬೆಂಗಳೂರಿಗೆ ಕಳಿಸಿದಳು. ಅಷ್ಟು ಸರಿಯಾಗಿಯೇ ಮಾಡಿದಳು.

ಇನ್ನೊಂದು ಕೆಲಸವಿತ್ತು. ತಡೆ ಆದೇಶ. ಕಟ್ಟನ್ನು ಶೀತಕೋಣೆಯಲ್ಲಿಟ್ಟರೆ ಬೀಜಕಣಗಳು ನಿದ್ದೆಯಲ್ಲೇ ಇರುತ್ತವೆ, ವರ್ಷಗಟ್ಟಲೆ ಮಾಗುವುದಿಲ್ಲ. ಅದಕ್ಕೆ ಮುದ್ರೆ ಒಡೆಯಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ವರ್ಗೀಕರಣ ಅಧಿಕಾರಿಯಾಗಿದ್ದ ಅವಳ ಒಂದು ಸಹಿ ಸಾಕು. ಆದರೆ ಪ್ರತಿ ತಡೆಗೂ ಕಾರಣ ಕೇಳುವ ಪತ್ರ ಬರುತ್ತಿತ್ತು. ಯಾವ ಅಧಿಕಾರಿ ವರ್ಷಕ್ಕೆ ಎಷ್ಟು ತಡೆ ಕೊಟ್ಟರು ಎಂಬುದು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತಿತ್ತು. ಕಾಗದಕ್ಕೆ ಆಯುಷ್ಯ ಕೊಟ್ಟದ್ದೇ ಅದು ತನ್ನಷ್ಟಕ್ಕೆ ಸಾಯಲಿ ಎಂದು; ಹಿಡಿದಿಟ್ಟುಕೊಳ್ಳುವವರು ಹಳೆಯ ಕಾಲದ ಗುಮಾಸ್ತರು ಎಂದು ಆಯುಕ್ತರು ಸಭೆಗಳಲ್ಲಿ ನಗುತ್ತಿದ್ದರು. ಮೂರು ವರ್ಷಗಳಿಂದ ವಿಶಾಲಾಕ್ಷಿಯ ಹೆಸರಿನ ಮುಂದೆ ಸೊನ್ನೆ ಇತ್ತು. ಉಪನಿರ್ದೇಶಕರ ಹುದ್ದೆಯ ಪಟ್ಟಿ ಅಕ್ಟೋಬರಿನಲ್ಲಿ ಬರುವುದಿತ್ತು.

ತಡೆ ಆದೇಶದ ನಮೂನೆಯನ್ನು ಅವಳು ಡ್ರಾಯರಿನಿಂದ ಹೊರತೆಗೆದದ್ದು ನಿಜ. ಅಭಿಪ್ರಾಯ ಒಂದು ತಿಂಗಳಲ್ಲಿ ಬರುತ್ತದೆ, ಎಂಬತ್ತೈದು ದಿನ ಇದೆಯಲ್ಲ, ಎಂದುಕೊಂಡು ಮತ್ತೆ ಒಳಗಿಟ್ಟದ್ದೂ ನಿಜ.

*

ಅಕ್ಟೋಬರಿನಲ್ಲಿ ಪಟ್ಟಿ ಬಂತು. ಅವಳ ಹೆಸರು ಮೊದಲನೆಯದು; ಬಡ್ತಿಯ ಆದೇಶ ಮಾತ್ರ ಡಿಸೆಂಬರಿಗೆ. ಗಂಡ ಪ್ರಭುಲಿಂಗ ಔಷಧದ ಅಂಗಡಿಯಿಂದ ಬೇಗ ಬಂದು, ಲೈನ್ ಬಜಾರಿನಿಂದ ಪೇಡೆ ತಂದಿದ್ದ. ಸಂಯುಕ್ತಾ ಆ ವರ್ಷವೇ ಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿಯಾಗಿ ಸೇರಿದ್ದಳು.

"ನಮ್ಮ ಸಾಲಿಗೆ ನಿಮ್ಮ ಆಫೀಸಿನ ಪುಡಿ ಬಂದದ ಅಮ್ಮ," ಎಂದಳು ಅವಳು. "ಬದನಿಕಾಯಿ ಎಷ್ಟು ಛಂದ ಬಂದಾವ ಗೊತ್ತೇನು? ಹುಡುಗೂರು ಕೇಳ್ತಾವ, ಟೀಚರ್, ಇದರಾಗ ಏನು ಬರದಿತ್ತು ಅಂತ. ಏನು ಹೇಳಬೇಕು?"

"ಬ್ಯಾಡಾದದ್ದು ಬರದಿತ್ತು ಅಂತ ಹೇಳು," ಎಂದ ಪ್ರಭುಲಿಂಗ.

ವಿಶಾಲಾಕ್ಷಿಯೂ ನಕ್ಕಳು. ಆ ನಡುವೆ ಫಕೀರವ್ವ ಎರಡು ಸಲ ಬಂದು ಹೋಗಿದ್ದಳು. "ಬೆಂಗಳೂರಿನಿಂದ ಇನ್ನೂ ಬಂದಿಲ್ಲ" ಎಂದು ಕೇಳಿ, "ಬರತೈತಿ ತಗೋರಿ, ಇಷ್ಟು ದಿನ ಹೋಗ್ಯಾವ" ಎಂದು ತಾನೇ ಸಮಾಧಾನ ಹೇಳಿ ಹೋಗಿದ್ದಳು. ಎರಡನೆಯ ಸಲ ಬಂದಾಗ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ವಿಶಾಲಾಕ್ಷಿ ಬೇಡವೆಂದರೂ ಮೇಜಿನ ಮೇಲಿಟ್ಟು ಹೋದಳು.

ಆ ವರ್ಷ ಮಳೆ ದಸರೆ ಮುಗಿದರೂ ನಿಲ್ಲಲಿಲ್ಲ. ದೀಪಾವಳಿಗೂ ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಕವಚಗಳು ಕರಗುವುದು ಗಾಳಿಯ ತೇವಕ್ಕೆ. ಆದ್ದರಿಂದ ಮಾಗುವ ದಿನ ಎರಡು ವಾರ ಹಿಂದೆಮುಂದೆ ಆಗಬಹುದು ಎಂದು ಕಾಗದದ ಕೈಪಿಡಿಯಲ್ಲೇ ಇತ್ತು. ವಿಶಾಲಾಕ್ಷಿ ಅದನ್ನು ಹೊಸ ಗುಮಾಸ್ತರಿಗೆ ಎಷ್ಟು ಸಲ ಪಾಠ ಮಾಡಿದ್ದಳೋ.

ನವೆಂಬರ್ ಒಂಬತ್ತರ ಬೆಳಿಗ್ಗೆ ಹತ್ತೂಕಾಲಿಗೆ ನಿಯಂತ್ರಣ ಕೋಣೆಯಿಂದ ಫೋನ್ ಬಂತು. ಅಲ್ಲಿ ಒಂದು ಗೋಡೆಯ ತುಂಬ ಪುಟ್ಟ ದೀಪಗಳಿದ್ದವು, ಪ್ರತಿ ಕಪಾಟಿಗೆ ಒಂದು. ಬೂಷ್ಟು ಎಚ್ಚರಾದರೆ ಕಟ್ಟು ಬೆಚ್ಚಗಾಗುತ್ತದೆ. ದೀಪ ಹಸಿರಿನಿಂದ ಹಳದಿಯಾಗುತ್ತದೆ.

"ಮೇಡಂ, ನಲವತ್ತೊಂಬತ್ತರ ಪರಿಹಾರದ ಕಪಾಟು ಎಲ್ಲಾ ಹಳದಿ ಆಗ್ಯಾವ್ರಿ," ಎಂದ ಆಪರೇಟರ್. "ಶನಿವಾರ ಸಂಜಿಗೇ ಶುರು ಆಗಿರಬೇಕು. ನಿನ್ನೆ ರಜಾ ಇತ್ತಲ್ರಿ. ಹನ್ನೊಂದು ದಿನ ಮುಂಚೆ. ಪುಡಿ ವಿಭಾಗಕ್ಕ ಹೇಳಲೇನ್ರಿ?"

ಅವಳು ಫೋನ್ ಇಟ್ಟಳು. ಕೆಳಗಿಳಿದು ಅಂಗಳ ದಾಟಿ ಓಡಿದಳು. ಕೆಲಸಕ್ಕೆ ಸೇರಿದ ಮೇಲೆ ಆ ಅಂಗಳದಲ್ಲಿ ಅವಳು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

ರಿಜಿಸ್ಟರು ಬಟ್ಟೆಯ ಹೊದಿಕೆಯೊಳಗೆ ನೋಡಲು ಹಾಗೆಯೇ ಇತ್ತು. ಮುಟ್ಟಿದಾಗ ಬಿಸಿ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಅಂಚಿನಿಂದ ಬೆಳ್ಳಗಿನ ಎಳೆಗಳು ಹೊರಬಂದಿದ್ದವು.

*

ಡಾಕ್ಟರ್ ಮಕಾನದಾರರಿಗೆ ಆಗ ಐವತ್ತೆಂಟು. ಪ್ರಯೋಗಾಲಯ ಅದೇ ಆವರಣದಲ್ಲಿತ್ತು. ಅವರು ಹೊದಿಕೆಯನ್ನು ನೋಡಿ, ಅವಳ ಮುಖ ನೋಡಿ, ಅದನ್ನು ಶೀತಪೆಟ್ಟಿಗೆಗೆ ಹಾಕಿದರು.

"ಎದ್ದ ಬೂಷ್ಟನ್ನ ಮತ್ತ ಮಲಗಿಸಾಕ ಬರೂದಿಲ್ಲ ವಿಶಾಲಾಕ್ಷಿಯವರ," ಎಂದರು. "ತಂಡಿ ಮಾಡಿದ್ರ ನಿಧಾನ ಆಗ್ತದ, ಅಷ್ಟ. ಪುಟ ತೆರದ್ರ ಉದುರಿ ಹೋಗ್ತದ. ಒಂದು ಉಪಾಯ ಐತಿ. ಬೂಷ್ಟು ಕಾಗದ ತಿಂತದ, ಶಾಯಿಯೊಳಗಿನ ಕಬ್ಬಿಣ ತಿನ್ನೂದಿಲ್ಲ. ಇದ್ದಲ್ಲೇ ಬಿಟ್ಟಿರ್ತದ. ಇಡೀ ಪುಸ್ತಕಾನ ಹೆಪ್ಪುಗಟ್ಟಿಸಿ, ಮುಚ್ಚಿದ್ದು ಮುಚ್ಚಿದಂಗ ಎಕ್ಸ್‌ರೇದಾಗ ಪದರ ಪದರ ನೋಡಬಹುದು. ಎಷ್ಟು ಸಿಗ್ತದೋ ಸಿಗಲಿ."

"ಮುದ್ರಿ ಒಡೀಬೇಕಾಗೂದಿಲ್ಲಲ್ಲ?" ಎಂದು ಕೇಳಿದಳು. ಕೇಳಿದ ಮೇಲೆ ನಾಚಿಕೆಯಾಯಿತು.

ಮಕಾನದಾರರು ಅವಳನ್ನೇ ನೋಡಿದರು. "ಮುದ್ರಿ ಹಂಗ ಇರ್ತದ," ಎಂದರು.

ಮೂರು ದಿನ ಹಿಡಿಯಿತು. ಮೂವತ್ತೊಂದನೆಯ ಪುಟ ಯಾವ ಆಳದಲ್ಲಿದೆ ಎಂದು ಹುಡುಕಲೇ ಒಂದು ದಿನ ಹೋಯಿತು. ಅಕ್ಷರಗಳು ಪರದೆಯ ಮೇಲೆ ತುಕ್ಕಿನ ಬಣ್ಣದ ದಾರಗಳ ಹಾಗೆ ಬಂದವು. ಮುಂದಿನ ಪುಟ ಹಿಂದಿನ ಪುಟ ಒಂದರೊಳಗೊಂದು ಹೆಣೆದುಕೊಂಡಿದ್ದವು. ಮಕಾನದಾರರು ಒಂದೊಂದೇ ಎಳೆಯನ್ನು ಬಿಡಿಸಿ ಬದಿಗೆ ಸರಿಸುತ್ತಿದ್ದರು. ವಿಶಾಲಾಕ್ಷಿ ಪಕ್ಕದಲ್ಲಿ ಕೂತು ಕೂಡಿಸಿ ಓದುತ್ತಿದ್ದಳು.

ಎರಡನೆಯ ದಿನ ಬೆಂಗಳೂರಿನಿಂದ ಕಾನೂನು ಅಭಿಪ್ರಾಯ ಬಂತು. ಒಂದೇ ಸಾಲು: "ಹೆತ್ತ ತಾಯಿಯ ಅರ್ಜಿಯಾದ್ದರಿಂದ ವಿವರ ನೀಡಬಹುದು." ಅವಳು ಅದನ್ನು ಓದಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು.

ಮೂರನೆಯ ದಿನ ಮಧ್ಯಾಹ್ನ ಪುಟ ಓದಲು ಬಂತು. ಸಂಖ್ಯೆ ನಲವತ್ತೇಳು. ರೇಣವ್ವ, ಹೆಣ್ಣು, ಸುಮಾರು ಎರಡು ವರ್ಷ. ತೂಕ ಒಂಬತ್ತೂವರೆ ಕಿಲೋ. ತಾಯಿ: ಆಸ್ಪತ್ರೆಗೆ ಒಯ್ಯಲಾಗಿದೆ, ತೀರಿಕೊಂಡಿರುವುದಾಗಿ ಮೌಖಿಕ ವರದಿ. ನಡುವಿನ ಅಗಲವಾದ ಕಾಲಮಿನಲ್ಲಿ ಶಿಬಿರದ ಕಾರ್ಯಕರ್ತೆ ಯಾರೋ ಒತ್ತಿ ಒತ್ತಿ ಬರೆದಿದ್ದಳು: "ಹೆಸರು ಕೇಳಿದರೆ ರೇಣಿ ಎನ್ನುತ್ತದೆ. ಎರಡು ದಿನ ಏನೂ ತಿನ್ನಲಿಲ್ಲ. ಮೂರನೇ ದಿನ ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಟ್ಟಾಗ ತಿಂದಿತು. ನಾಯಿಮರಿ ಕಂಡರೆ ನಗುತ್ತದೆ. ಪಡೆದ ದಂಪತಿ ಮಕ್ಕಳಿಲ್ಲದವರು. ಗಂಡ ಪ್ರಾಥಮಿಕ ಶಾಲೆ ಶಿಕ್ಷಕರು. ಆ ತಾಯಿ ಮಗುವನ್ನು ತೊಡೆಯಿಂದ ಕೆಳಗಿಳಿಸದೆ ಎಲ್ಲ ಕಾಗದಕ್ಕೆ ಸಹಿ ಮಾಡಿದರು."

ಅದರ ಮುಂದಿನದು ಕೊನೆಯ ಕಾಲಮು: ಪಡೆದವರ ಹೆಸರು, ಊರು, ವಿಳಾಸ. ಅದು ಕಾಗದದ ಹೊರ ಅಂಚಿನಲ್ಲಿತ್ತು. ಬೂಷ್ಟು ಶುರುವಾಗುವುದೇ ಅಂಚಿನಿಂದ. ಅಲ್ಲಿ ಎಲ್ಲ ಕುಸಿದು ಒಂದರ ಮೇಲೊಂದು ಬಿದ್ದು, ತುಕ್ಕಿನ ಬಣ್ಣದ ಒಂದು ಮೋಡ ಮಾತ್ರ ಉಳಿದಿತ್ತು. ಮಕಾನದಾರರು ಸಂಜೆಯವರೆಗೂ ಅದರಲ್ಲೇ ಹುಡುಕಿದರು. ಒಂದು ಕೊಂಬು, ಒಂದು ದೀರ್ಘ, ಒಂದು 'ರ'ದಂಥ ಅಕ್ಷರ. ಅಷ್ಟೇ.

"ಶನಿವಾರ ಮುಂಜಾನೆ ತಂದಿದ್ರ ಪೂರಾ ಸಿಗ್ತಿತ್ತು," ಎಂದರು. ಕೈ ಒರೆಸಿಕೊಂಡು ಮತ್ತೆ ಹೇಳಿದರು, "ನಿಮಗ ಅಂದದ್ದಲ್ಲ. ಕಾಗದ ಮಾಡಿದಾವ ನಾನು. ಅವತ್ತು ಎಲ್ಲಾರೂ ಕೇಳಿದ್ದು ಒಂದ ಪ್ರಶ್ನೆ, ಖರೇನ ಎಲ್ಲಾ ಹೋಗ್ತದೇನು ಅಂತ. ಪೂರಾ ಹೋಗ್ತದ ಅಂತ ನಾನು ಎದಿ ಉಬ್ಬಿಸಿ ಹೇಳಿದ್ದೆ."

*

ಆ ಸಂಜೆ ಮನೆಯಲ್ಲಿ ಅವಳು ಊಟಕ್ಕೆ ಕೂಡದೆ ಸಂಯುಕ್ತಾಳಿಗೆ ಎಲ್ಲವನ್ನೂ ಹೇಳಿದಳು. ಹೇಳಬೇಕೆಂದು ಹೇಳಲಿಲ್ಲ, ಹೊರಬಂತು. ಮಗಳು ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟಳು.

"ಆ ಹುಡುಗಿಗೆ ಈಗ ನನ್ನಷ್ಟ ವಯಸ್ಸು ಅಲ್ಲ?"

"ಹೌದು. ನಿನ್ನಷ್ಟ."

"ಒಂದು ಸಹಿ ಮಾಡಿದ್ರ ಆಗ್ತಿತ್ತಲ್ಲಮ್ಮ. ಯಾಕ ಮಾಡ್ಲಿಲ್ಲ?"

ಮಳೆ ಬಂದು ಬೇಗ ಮಾಗಿತು, ಬೆಂಗಳೂರಿನವರು ತಡ ಮಾಡಿದರು, ಮುದ್ರೆಯ ನಿಯಮವಿತ್ತು ಎಂದು ಮೂರು ಉತ್ತರಗಳು ಅವಳ ಬಾಯಿಗೆ ಬಂದವು. ಮೂರೂ ನಿಜ. ಮಗಳು ಕೇಳಿದ್ದು ಅವುಗಳಲ್ಲಿ ಯಾವುದನ್ನೂ ಅಲ್ಲ.

ಪ್ರಭುಲಿಂಗ ಬಾಗಿಲಲ್ಲಿ ನಿಂತಿದ್ದ. "ಆಕಿಗೆ ನೀ ಹಿಂಗ ಹೇಳಾಕ ಹೋಗಬ್ಯಾಡ," ಎಂದ. "ಸಿಕ್ಕದ್ದು ಕೊಡು. ಮಳಿಯಿಂದ ಹೋತು ಅನ್ನು. ಅದು ಸುಳ್ಳೇನಲ್ಲ. ಡಿಸೆಂಬರಿನಾಗ ಆರ್ಡರ್ ಬರೂದದ."

ವಿಶಾಲಾಕ್ಷಿ ಒಂದು ಹಾಳೆ ತೆಗೆದು, ಪುಟದಲ್ಲಿ ಸಿಕ್ಕಷ್ಟನ್ನು ಬರೆಯಲು ಕೂತಳು.

*

ಮರುದಿನ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಖಾನಾವಳಿಗೆ ಹೋದಳು. ಹಿಂದಿನ ಶೆಡ್ಡಿನಲ್ಲಿ ಒಲೆ ಆರಿತ್ತು. ಫಕೀರವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಒಂದು ಮಣೆ ಒರೆಸಿ ಕೂಡಲು ಕೊಟ್ಟಳು.

"ಬೆಂಗಳೂರಿನಿಂದ ಬಂತೇನ್ರಿ ಬಾಯಾರ?"

ವಿಶಾಲಾಕ್ಷಿ ಬರೆದುಕೊಂಡು ಬಂದ ಹಾಳೆಯನ್ನು ಓದಿದಳು. ನಾಯಿಮರಿಯ ಸಾಲಿಗೆ ಬಂದಾಗ ಫಕೀರವ್ವ ನೆಲಕ್ಕೆ ಕೂತಳು. "ಇನ್ನೊಮ್ಮಿ ಓದ್ರಿ" ಎಂದಳು. ಮೂರು ಸಲ ಓದಿಸಿಕೊಂಡಳು.

"ಜೀವ ಇತ್ತು," ಎಂದಳು ಕೊನೆಗೆ. "ಇಪ್ಪತ್ತು ವರ್ಷ ಜಾತ್ರ್ಯಾಗ, ಬಸ್‌ಸ್ಟ್ಯಾಂಡಿನಾಗ ಕಂಡ ಕಂಡ ಹುಡುಗೀರ ಮಾರಿ ನೋಡೀನ್ರಿ. ಮನಿಗೆ ಬಂದ ಮ್ಯಾಲ, ಸತ್ತದ್ದನ್ನ ಹುಡುಕಾಕತ್ತೀಯೇನ ಹುಚ್ಚಿ ಅಂತ ನನಗ ನಾನ ಬೈಕೊಂತಿದ್ದೆ. ಜೀವ ಇತ್ತು. ರೊಟ್ಟಿ ತಿಂದೈತಿ." ಆಮೇಲೆ, "ಮಾಸ್ತರ ಹೆಸರೇನ್ರಿ?"

"ಹೋಗೇದ. ಊರೂ ಹೋಗೇದ. ಅಷ್ಟು ಭಾಗ ಬೂಷ್ಟು ತಿಂದಬಿಟ್ಟದ."

"ನಾ ಮೊದಲ ಬಂದ ದಿನ ಇತ್ತೇನ್ರಿ?"

"ಇತ್ತು."

ಫಕೀರವ್ವ ಕಾಯ್ದಳು. ವಿಶಾಲಾಕ್ಷಿಗೆ ಗಂಡನ ಮಾತು ನೆನಪಿತ್ತು. ಮಳಿಯಿಂದ ಎಂದು ಶುರುಮಾಡಲು ಬಾಯಿ ತೆರೆದಳು ಕೂಡ.

"ಅದು ಮಾಗಲಾರದಂಗ ಇಡಬಹುದಿತ್ತು," ಎಂದಳು. "ತಂಡಿ ಕೋಣಿಯೊಳಗ. ನನ್ನ ಒಂದು ಸಹಿ ಸಾಕಿತ್ತು. ಕಾಗದ ಕೈಯಾಗೂ ತಗೊಂಡಿದ್ದೆ. ಮಾಡ್ಲಿಲ್ಲ. ಮಾಡಿದ್ರ ನನ್ನ ಹೆಸರಿನ ಮುಂದ ಒಂದು ಕಪ್ಪು ಗುರುತು ಬರ್ತಿತ್ತು. ಬಡ್ತಿ ಬರೂದಿತ್ತು. ಅದಕ್ಕ."

ಶೆಡ್ಡಿನ ಆಚೆ ಯಾರೋ ತಟ್ಟೆ ತೊಳೆಯುತ್ತಿದ್ದರು. ಫಕೀರವ್ವ ಕೈಗೆ ಹತ್ತಿದ ಒಣ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆಯುತ್ತ ಬಹಳ ಹೊತ್ತು ಕೂತಳು. ವಿಶಾಲಾಕ್ಷಿಗೆ ಅವಳು ಬೈಯಲಿ ಅನ್ನಿಸಿತು.

"ನಿಮಗ ಹೋಳಿಗಿ ತಂದಕೊಟ್ಟಿದ್ನಲ್ರಿ," ಎಂದಳು ಫಕೀರವ್ವ. ಅಷ್ಟೇ. ಆಮೇಲೆ ಕೈ ಚಾಚಿದಳು. "ಹಾಳಿ ಕೊಡ್ರಿ. ಕೊಟ್ಟು ಹೋಗ್ರಿ ಬಾಯಾರ. ಇವತ್ತ ಹೋಗ್ರಿ."

*

ವಿಶಾಲಾಕ್ಷಿ ಆ ವಾರವೇ ಆಯುಕ್ತರಿಗೆ ಎರಡು ಪತ್ರ ಬರೆದಳು. ಒಂದರಲ್ಲಿ ತಾನು ತಡೆ ಆದೇಶ ಕೊಡದೆ ಬಿಟ್ಟದ್ದನ್ನು, ಕಾರಣವನ್ನು ಸಹ, ಹಾಗೆಯೇ ಬರೆದಳು. ಇನ್ನೊಂದರಲ್ಲಿ ಇನ್ನೂರ ಹದಿನೇಳನೆಯ ಸಾಲನ್ನು ತಿದ್ದಬೇಕೆಂದು, ಮಕ್ಕಳ ಹೆಸರಿರುವ ಯಾವ ಕಾಗದಕ್ಕೂ ಆಯುಷ್ಯ ಇಡಬಾರದೆಂದು ಕೇಳಿದಳು. ಮೊದಲನೆಯದಕ್ಕೆ ಉತ್ತರ ಬೇಗ ಬಂತು. ಬಡ್ತಿಯ ಆದೇಶದಲ್ಲಿ ಅವಳ ಹೆಸರಿರಲಿಲ್ಲ. ಪ್ರಭುಲಿಂಗ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಎರಡನೆಯದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಸಾಲು ತಿದ್ದುಪಡಿಯಾಯಿತು; ಇನ್ನು ಮುಂದೆ ಅಂಥ ದಾಖಲೆಗಳು ಎ ವರ್ಗ, ಶಾಶ್ವತ, ಬೂಷ್ಟಿಲ್ಲದ, ಬಟ್ಟೆಯ ತಿರುಳಿನ ಕಾಗದದಲ್ಲಿ. ಆದರೆ ಆ ವೇಳೆಗೆ ನಲವತ್ತೊಂಬತ್ತು, ಐವತ್ತರ ಶಿಬಿರಗಳ ಕಟ್ಟುಗಳೆಲ್ಲ ಮಾಗಿ ಹೋಗಿದ್ದವು. ಎಷ್ಟು ರಿಜಿಸ್ಟರು, ಅವುಗಳಲ್ಲಿ ಎಷ್ಟು ಮಕ್ಕಳು ಎಂದು ಅವಳು ಲೆಕ್ಕ ಹಾಕಲು ಕೂತಳು. ಆಗಲಿಲ್ಲ. ಎಷ್ಟಿದ್ದವು ಎಂದು ಹೇಳುವ ಕಾಗದವೂ ಬಿ ವರ್ಗದ್ದೇ ಆಗಿತ್ತು.

ರಜೆ ಸಿಕ್ಕಾಗಲೆಲ್ಲ ಅವಳು ಹಳೆಯ ಶಿಕ್ಷಕರನ್ನು ಹುಡುಕುತ್ತ ಹೋಗುತ್ತಿದ್ದಳು. ನಲವತ್ತೊಂಬತ್ತರಲ್ಲಿ ಮಕ್ಕಳಿಲ್ಲದಿದ್ದ, ಆಮೇಲೆ ಒಂದು ಹೆಣ್ಣುಮಗುವನ್ನು ತಂದ ಪ್ರಾಥಮಿಕ ಶಾಲೆ ಮಾಸ್ತರು. ಸೇವಾ ಪುಸ್ತಕಗಳು ನಿವೃತ್ತಿಯಾದ ಐದು ವರ್ಷಕ್ಕೆ ಮಾಗುತ್ತಿದ್ದವು, ಬಾಯಿಮಾತಿನಿಂದಲೇ ಹುಡುಕಬೇಕಿತ್ತು. ಸವದತ್ತಿಯಲ್ಲಿ ಒಬ್ಬರ ಸುದ್ದಿ ಸಿಕ್ಕಿತು. ಅವರು ತಂದದ್ದು ತಂಗಿಯ ಮಗುವನ್ನು. ನರಗುಂದದಲ್ಲಿ ಇನ್ನೊಬ್ಬರು, ಆ ಹುಡುಗಿಗೆ ಮೂವತ್ತಾಗಿತ್ತು. ಪ್ರತಿ ಸಲ ಹೋಗಿ ಬಂದ ಮೇಲೆ ಖಾನಾವಳಿಗೆ ಹೋಗಿ ಹೇಳುತ್ತಿದ್ದಳು. ಮೊದಲ ಎರಡು ಸಲ ಫಕೀರವ್ವ ಕೈಯ ಕೆಲಸ ಬಿಡದೆ ಕೇಳಿದಳು. ಮೂರನೆಯ ಸಲ, "ಚಾ ಕುಡೀತೀರೇನ್ರಿ?" ಎಂದಳು. ಕ್ಷಮಿಸಿದೆ ಎಂದು ಅವಳು ಎಂದೂ ಹೇಳಲಿಲ್ಲ. ವಿಶಾಲಾಕ್ಷಿಯೂ ಕೇಳಲಿಲ್ಲ.

೨೦೭೧ರ ಫೆಬ್ರುವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ವಿಶಾಲಾಕ್ಷಿ, ಬೈಲಹೊಂಗಲದ ಮಾಸ್ತರರೂ ಅಲ್ಲ ಎಂದು ಹೇಳಲು ಫಕೀರವ್ವನ ಮನೆಗೆ ಹೋಗಿದ್ದಳು. ಸಪ್ತಾಪುರದ ಹಿಂದೆ ಒಂದೇ ಕೋಣೆಯ ಮನೆ. ಹೇಳಿ ಮುಗಿಸುವ ಹೊತ್ತಿಗೆ ಜನಗಣತಿಯವಳೊಬ್ಬಳು ಬಾಗಿಲಿಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಹತ್ತಿರವೇ ಕೂತು, ಫಾರ್ಮು ತೆಗೆದು ಒಂದೊಂದಾಗಿ ಕೇಳಿದಳು. ಹೆಸರು, ವಯಸ್ಸು, ಉದ್ಯೋಗ.

"ಮಕ್ಕಳೆಷ್ಟ್ರೀ ಅಕ್ಕಾ?"

ಹಿಂದಿನ ಎರಡು ಜನಗಣತಿಯಲ್ಲಿ ಫಕೀರವ್ವ ಇಲ್ಲ ಎಂದು ಬರೆಸಿದ್ದಳು.

"ಒಂದು," ಎಂದಳು. "ಹೆಣ್ಣು."

"ಅದಾರೇನ್ರಿ, ತೀರಿಕೊಂಡಾರೇನ್ರಿ?"

"ಅದಾಳ."

"ಹೆಸರು?"

"ರೇಣವ್ವ. ಈಗ ಅವರು ಬ್ಯಾರೆ ಹೆಸರು ಇಟ್ಟಿರಬೇಕು. ನೀವು ರೇಣವ್ವ ಅಂತ ಬರ್ಕೋರಿ."

"ಎಲ್ಲಿರ್ತಾರ್ರಿ?"

ಫಕೀರವ್ವ ತಿರುಗಿ ವಿಶಾಲಾಕ್ಷಿಯನ್ನು ನೋಡಿದಳು. ಸಿಟ್ಟಿನಿಂದಲ್ಲ. ಓದಿದವರು, ಉತ್ತರ ಹೇಳಬೇಕಾದವರು ಇವರು ಎಂಬಂತೆ ನೋಡಿದಳು. ವಿಶಾಲಾಕ್ಷಿ ತಲೆ ತಗ್ಗಿಸಲಿಲ್ಲ.

"ಅದು ಗೊತ್ತಿಲ್ರಿ," ಎಂದಳು ಫಕೀರವ್ವ ಜನಗಣತಿಯವಳಿಗೆ. "ಬರದದ್ದು ಒಮ್ಮೆ ಓದ್ರಿ, ಕೇಳತೀನಿ."

ಅವಳು ಓದಿದಳು. "ಮಕ್ಕಳು ಒಂದು. ಹೆಣ್ಣು. ಹೆಸರು ರೇಣವ್ವ. ಜೀವಂತ."

"ಹಾಂ," ಎಂದಳು ಫಕೀರವ್ವ. "ಹಂಗ ಇರಲಿ."